ಉಪ್ಪಿನ ಎತ್ತುಗಳು ಎಲ್ಲಿ ಹೋದವು?

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಹೊಸದಾಗಿ ಕೈಸೇರಿದ ನಾಡಿನಲ್ಲಿ ಯಾವ ಬೆಳೆ ಬರುತ್ತದೆ, ಯಾರು ಏನು ನೇಯುತ್ತಾರೆ, ಯಾರು ಯಾರಿಗೆ ಏನು ಮಾರುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡು ಬರಲು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು. ಶಿರಾ, ಮಧುಗಿರಿ ಸೀಮೆಯನ್ನೂ ಅವನು ಹಾದುಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಕೊರಮರ ಬಗ್ಗೆ ನಾಲ್ಕಾರು ಸಾಲುಗಳಿವೆ. ಇವರು ಬುಟ್ಟಿ ಹೆಣೆಯುತ್ತಾರೆ, ದವಸ ಮತ್ತು ಉಪ್ಪಿನ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲೇ ನಡೆಸುತ್ತಾರೆ, ಸಾಗಿಸಬಲ್ಲ ಗುಡಿಸಲುಗಳಲ್ಲಿ ಬೀಡುಬಿಡುತ್ತಾರೆ, ವ್ಯಾಪಾರದ ದಿನಗಳಲ್ಲಿ ನಿತ್ಯವೂ ಊರಿಂದೂರಿಗೆ ಸಾಗುತ್ತಿರುತ್ತಾರೆ ಎಂಬುದು ಅದರ ಸಾರ. ಓದು ಬರಹ ಬಾರದು, ಬ್ರಾಹ್ಮಣರು ಇವರನ್ನು ಕೀಳಾಗಿ ಕಾಣುತ್ತಾರೆ ಎಂದೂ ಬರೆದಿದ್ದಾನೆ. ಅವನ ಕಣ್ಣಿಗೆ ಕೊರಮರು ವ್ಯಾಪಾರಿಗಳು.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ಸ್ ಇನ್ನಷ್ಟು ವಿವರ ಕೊಟ್ಟ. ಈ ಜನರಲ್ಲಿ ಒಂದು ಗುಂಪು ಕಡಲ ತೀರಕ್ಕೆ ಹೋಗಿ, ಹಿಂಡು ಹಿಂಡು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಒಳನಾಡಿಗೆ ತರುತ್ತದೆ. ಮರಳುವಾಗ ತೀರದಲ್ಲಿ ಬೇಡಿಕೆಯಿರುವ ಕಾಳನ್ನು ಹೇರಿಕೊಂಡು ಹೋಗುತ್ತದೆ. ಇನ್ನೊಂದು ಗುಂಪು ಬುಟ್ಟಿ, ಚಾಪೆ ಹೆಣೆಯುತ್ತದೆ. ಮೂರನೆಯದೊಂದು ಗುಂಪು ಕಳ್ಳತನದಲ್ಲಿ ಪಳಗಿದ್ದು. ಮೂರನ್ನೂ ಅವನು ಬೇರೆ ಬೇರೆಯಾಗಿ ಹೇಳಿದ್ದಾನೆ. ಈ ವಿಂಗಡಣೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಕತೆಯಲ್ಲಿ ಅಳಿಸಿಹೋಗುವುದು ಇದೇ.

ಈಗ 1892ಕ್ಕೆ ಬನ್ನಿ. ಮದ್ರಾಸಿನ ಪೊಲೀಸ್ ಅಧಿಕಾರಿ ಮುಲ್ಲಾಲಿ ಆ ವರ್ಷ ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಬಗ್ಗೆ ಒಂದು ಕೈಪಿಡಿ ಬರೆದ. ಅದರಲ್ಲಿ ಕೊರಮರ ಬಳಗದ ಕೊರವರು ಇದ್ದಾರೆ. 1905ರಲ್ಲಿ ಪಾಪಾರಾವ್ ನಾಯ್ಡು ಎಂಬ ಪೊಲೀಸ್ ಅಧಿಕಾರಿ ಕೊರವರು, ಎರುಕಲರು, ಕೈಕಾಡಿಗಳ ಬಗ್ಗೆಯೇ ಪ್ರತ್ಯೇಕ ಪುಸ್ತಕ ತಂದ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳನ್ನು ಹೊರತಂದಾಗ ಕೊರವರ ಅಧ್ಯಾಯದ ದೊಡ್ಡ ಪಾಲು ಕನ್ನ ಹಾಕುವ ರೀತಿ, ಕದ್ದ ಮಾಲು ಸಾಗಿಸುವ ಉಪಾಯಗಳಿಗೆ ಹೋಯಿತು. ಕೊರಚ, ಕೊರಮ, ಕೊರವ, ಎರುಕಲ ಎಲ್ಲ ಒಂದೇ ಗಂಟು. ಹುಟ್ಟುತ್ತಲೇ ಕಳ್ಳರು ಎಂಬ ಒಂದೇ ಚೀಟಿ.

ತೊಂಬತ್ತು ವರ್ಷಗಳಲ್ಲಿ ಏನಾಯಿತು? ಒಂದು ವ್ಯಾಪಾರಿ ಜನಾಂಗ ಹೇಗೆ ಪೊಲೀಸ್ ಕೈಪಿಡಿಯ ಅಧ್ಯಾಯವಾಯಿತು? ಈ ಪ್ರಶ್ನೆಯನ್ನು ಬೆನ್ನು ಹತ್ತಿದವರು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ. ಅವರ ಮೊದಲ ಲೇಖನ 1989ರಲ್ಲಿ, ಪೂರ್ಣ ಪುಸ್ತಕ 2001ರಲ್ಲಿ ಬಂದವು. ಸಿಕ್ಕಿದ್ದು ಗುಪ್ತ ಕಡತವೇನಲ್ಲ. ಮದ್ರಾಸ್ ಸರ್ಕಾರದ್ದೇ ಹಳೆಯ ಪತ್ರಗಳು, ವರದಿಗಳು, ಪೊಲೀಸ್ ಟಿಪ್ಪಣಿಗಳು. ಅವುಗಳನ್ನು ಅಪರಾಧದ ಇತಿಹಾಸವಾಗಿ ಓದದೆ ಜೀವನೋಪಾಯದ ಇತಿಹಾಸವಾಗಿ ಓದಿದ್ದು, ತಾರೀಖುಗಳನ್ನು ಸಾಲಾಗಿ ಜೋಡಿಸಿದ್ದು ಅವರ ಕೆಲಸ. ಜೋಡಿಸಿದಾಗ ಕಂಡದ್ದು ಇಷ್ಟು: ಮೊದಲು ಕಸುಬು ಹೋಯಿತು, ಅಪರಾಧಿ ಎಂಬ ಹೆಸರು ಆಮೇಲೆ ಬಂತು. ಪೊಲೀಸ್ ಪುಸ್ತಕಗಳು ಈ ಕ್ರಮವನ್ನು ಬಿಟ್ಟು, ಹೆಸರೇ ಹುಟ್ಟುಗುಣ ಎಂಬಂತೆ ಬರೆದಿದ್ದವು.

ಉಪ್ಪಿನಿಂದಲೇ ಶುರು ಮಾಡೋಣ. 1805ರಲ್ಲಿ ಮದ್ರಾಸ್ ಪ್ರಾಂತ್ಯದ ಉಪ್ಪು ಸರ್ಕಾರದ ಏಕಸ್ವಾಮ್ಯವಾಯಿತು. ತೀರದ ಉಪ್ಪಿನ ಗದ್ದೆಗಳಿಂದ ಸರ್ಕಾರ ಹೇಳಿದ ಬೆಲೆಗೇ ಕೊಳ್ಳಬೇಕು. ಮುಂದೆ ಶತಮಾನ ಕಳೆಯುತ್ತ ಬಂದಂತೆ ಸುಂಕ ಏರಿತು, ಒಳನಾಡಿನ ಚೌಳು ಮಣ್ಣಿನಿಂದ ಉಪ್ಪು ತೆಗೆಯುವುದೂ ಅಪರಾಧವಾಯಿತು. ಆ ಹೊತ್ತಿಗೆ ರಸ್ತೆಗಳು ಬಂದವು, ಗಾಡಿಗಳು ಬಂದವು, ಕೊನೆಗೆ ರೈಲು ಬಂತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಓಡಿತು. 1890ರ ದಶಕದಲ್ಲಿ ಹಿಂದೂಪುರದ ಕಡೆಯ ಮಾರ್ಗ ತೆರೆಯಿತು. ಮಧುಗಿರಿ, ಪಾವಗಡದವರಿಗೆ ಅದು ಪಕ್ಕದ ದಾರಿ. ಒಂದು ಗೂಡ್ಸ್ ಬಂಡಿ ಹೊತ್ತು ತರುವ ಉಪ್ಪನ್ನು ತರಲು ಎಷ್ಟು ಎತ್ತು, ಎಷ್ಟು ಕತ್ತೆ, ಎಷ್ಟು ವಾರಗಳ ನಡಿಗೆ ಬೇಕಾಗುತ್ತಿತ್ತೆಂದು ಯೋಚಿಸಿದರೆ ಸಾಕು, ಉಪ್ಪಿನ ಕೊರಚರ ಗತಿ ಊಹೆಗೆ ಬರುತ್ತದೆ.

ರೈಲು ಹಳ್ಳಿಹಳ್ಳಿಗೆ ಹೋಗಲಿಲ್ಲ ಎಂಬುದು ನಿಜ. ಬೆಟ್ಟದಾಚೆಯ ಊರುಗಳಿಗೆ, ರಸ್ತೆಯಿಲ್ಲದ ಕಡೆಗೆ ಹೇರಿನ ಎತ್ತುಗಳೇ ಬೇಕಿತ್ತು. ಆ ಉಳಿದ ದಾರಿಯನ್ನು ತುಮಕೂರಿಗೆ ರೈಲು ಬರುವ ಮೊದಲೇ ಬರಗಾಲ ಮುಚ್ಚಿತ್ತು. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮೇವಿಲ್ಲದೆ ದನ ಸತ್ತವು. ಎತ್ತು ಸತ್ತರೆ ರೈತನಿಗೆ ಹೊಲವಾದರೂ ಉಳಿಯುತ್ತದೆ. ಹೇರಿನ ವ್ಯಾಪಾರಿಗೆ ಎತ್ತೇ ಅಂಗಡಿ, ಎತ್ತೇ ಬಂಡವಾಳ. ಅದರ ಹಿಂದೆಯೇ ಅರಣ್ಯ ಕಾನೂನುಗಳು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನ ಬಿದಿರು, ಮೇವು ಎಲ್ಲಕ್ಕೂ ಲೆಕ್ಕ, ಎಲ್ಲಕ್ಕೂ ದಂಡ. ಎತ್ತು ಕಳೆದುಕೊಂಡು ಬುಟ್ಟಿ ಹೆಣೆಯಲು ಕೂತವನು ಬಿದಿರು ಕಡಿದರೂ ಕಳ್ಳನಾದ.

ಮೀನಾ ಅವರ ಅಧ್ಯಯನ ಮದ್ರಾಸ್ ಪ್ರಾಂತ್ಯದ್ದು. ನಮ್ಮ ತುಮಕೂರು ಸೀಮೆಗೆ ಅದೇಕೆ ಮುಖ್ಯವೆಂದರೆ, ಪಾವಗಡ ತಾಲ್ಲೂಕನ್ನು ಹೆಚ್ಚುಕಡಿಮೆ ಎಲ್ಲ ಕಡೆಯಿಂದ ಅಂದಿನ ಮದ್ರಾಸ್ ಪ್ರಾಂತ್ಯದ ನೆಲವೇ ಸುತ್ತುವರಿದಿತ್ತು. ಉಪ್ಪು ಹೇರಿಕೊಂಡು ಬರುವ ಎತ್ತುಗಳಿಗೆ ಸಂಸ್ಥಾನ ಯಾವುದು, ಪ್ರಾಂತ್ಯ ಯಾವುದು? ಕಡಲು ಇಲ್ಲಿಂದ ಇನ್ನೂರು ಮೈಲಿಯಷ್ಟು ದೂರ. ಮಳೆ ಕಡಿಮೆಯ ಈ ಬಯಲಿನ ಜನ ರಾಗಿ ಮುದ್ದೆಗೆ ಬೇಕಾದ ಕಲ್ಲುಪ್ಪಿಗೆ ಯಾರದೋ ಬೆನ್ನನ್ನು, ಯಾರದೋ ಕಾಲನ್ನು ನಂಬಿ ಬದುಕಿದವರು. ಮೈಸೂರು ಸೀಮೆಯ ಜಾತಿ ವಿವರಗಳಲ್ಲಿ ಉಪ್ಪು ಕೊರಮ, ಎತ್ತಿನ ಕೊರಮ ಎಂಬ ಒಳಪಂಗಡಗಳ ಹೆಸರುಗಳು ಉಳಿದಿವೆ. ಎತ್ತುಗಳು ಹೋದವು, ಹೆಸರಿನಲ್ಲಿ ಮಾತ್ರ ನಿಂತವು.

ಇಲ್ಲಿ ನನ್ನನ್ನು ಕಾಡುವ ಒಂದು ವಿಷಯ ಸಿದ್ದರಬೆಟ್ಟದ್ದು. ಕೊರಟಗೆರೆ ತಾಲ್ಲೂಕಿನ ಈ ಬೆಟ್ಟಕ್ಕೆ ಹೆಸರು ಬಂದದ್ದು ಸಿದ್ಧರಿಂದ. ಮನೆಮಠ ಬಿಟ್ಟು ಊರೂರು ಸುತ್ತುವ, ಗುಹೆಯಲ್ಲಿ ತಂಗುವ, ಗಿಡಮೂಲಿಕೆ ಅರಿತ ಅಲೆಮಾರಿಗಳನ್ನು ಈ ನೆಲ ಪೂಜಿಸಿದೆ. ಇವತ್ತಿಗೂ ಜನ ಗುಹೆಯ ಸಿದ್ಧೇಶ್ವರನಿಗೆ ಕೈಮುಗಿಯಲು, ಔಷಧಿ ಗಿಡ ಹುಡುಕಲು ಹತ್ತುತ್ತಾರೆ. ಒಂದೆಡೆ ನಿಲ್ಲದೆ ತಿರುಗುವುದು ಇಲ್ಲಿ ಪಾಪವಾಗಿರಲಿಲ್ಲ. ಸಿದ್ಧ, ಜಂಗಮ, ಜೋಗಿ, ದಾಸಯ್ಯ, ಹೆಳವ ಎಲ್ಲರೂ ತಿರುಗುವವರೇ. ಸುಗ್ಗಿಯಲ್ಲಿ ಅವರಿಗೆಂದು ಮೊರದಲ್ಲಿ ಕಾಳು ಎತ್ತಿಡುತ್ತಿದ್ದರು. ತಿರುಗಾಟವೇ ಸಂಶಯಕ್ಕೆ ಕಾರಣವಾದದ್ದು ಕಂದಾಯದ ಲೆಕ್ಕ ಬೇಕಾಗಿದ್ದ ಆಡಳಿತಕ್ಕೆ. ಹೊಲವಿಲ್ಲದವನಿಗೆ ಸರ್ವೆ ನಂಬರು ಇಲ್ಲ, ಪಟ್ಟಾ ಇಲ್ಲ, ಗೌಡ ಶಾನುಭೋಗರ ಪುಸ್ತಕದಲ್ಲಿ ಜಾಗ ಇಲ್ಲ. ಅದೇ ಶತಮಾನದಲ್ಲಿ ಇಂಗ್ಲೆಂಡಿನಲ್ಲೂ ಬೀದಿಬೀದಿ ಸುತ್ತುವ ಬಡವರನ್ನು ಹುಟ್ಟಾ ಅಪರಾಧಿಗಳೆಂದು ಬರೆಯುತ್ತಿದ್ದರು, ರೂಢಿಗತ ಅಪರಾಧಿಗಳ ಮೇಲೆ 1869ರಲ್ಲಿ ಅಲ್ಲಿ ಕಾನೂನೂ ಬಂದಿತ್ತು. ಇಲ್ಲಿಗೆ ಬಂದಾಗ ಆ ಭಯಕ್ಕೆ ಜಾತಿಯ ಆಧಾರ ಸಿಕ್ಕಿತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗ ಕಳ್ಳ ಎಂಬ ತರ್ಕದ ಮೇಲೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ನಿಂತಿತು. ನಮ್ಮ ಮೇಲುಜಾತಿಗಳ ಜನ ಈ ತರ್ಕವನ್ನು ಒಪ್ಪಲು ತಡವರಿಸಲಿಲ್ಲ ಎಂಬುದನ್ನೂ ಹೇಳಲೇಬೇಕು. ಕೀಳೆಂಬ ಭಾವನೆ ಬುಕಾನನ್ ಬರುವ ಮೊದಲೇ ಇಲ್ಲಿತ್ತು. ಅದಕ್ಕೆ ಕಾನೂನಿನ ಮೊಹರು ಹೊಸದಾಗಿ ಬಿತ್ತು.

ಒಂದೇ ನಡವಳಿಕೆ ಹೇಗೆ ಬಣ್ಣ ಬದಲಿಸಿತು ಎನ್ನುವುದಕ್ಕೆ ಕೊರವಂಜಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು, ಬೆನ್ನಿಗೆ ಕಟ್ಟಿದ ಮಗು. ‘ಕಣಿ ಹೇಳ್ತೀನಿ ಕಣಿ’ ಎಂದು ಬರುವ ಈ ಹೆಂಗಸು ನಮ್ಮ ಕಾವ್ಯ, ಯಕ್ಷಗಾನ, ಹಾಡುಗಳಲ್ಲಿ ಅರಮನೆಯ ಒಳಗೇ ಹೋಗುತ್ತಾಳೆ. ಪದ್ಮಾವತಿಯನ್ನು ಒಲಿಸಿಕೊಳ್ಳಲು ತಿರುಪತಿಯ ಶ್ರೀನಿವಾಸನೇ ಕೊರವಂಜಿಯ ವೇಷ ಹಾಕುತ್ತಾನೆ. ದೇವರು ವೇಷ ಹಾಕಿಕೊಳ್ಳುವಷ್ಟು ನಂಬಿಕೆ ಆ ರೂಪಕ್ಕಿತ್ತು. 1942ರಲ್ಲಿ ಹಾಸ್ಯ ಲೇಖಕ ರಾಶಿಯವರು ಹಾಸ್ಯ ಪತ್ರಿಕೆ ಹೊರಡಿಸಿದಾಗ ಅದಕ್ಕಿಟ್ಟ ಹೆಸರೂ ಕೊರವಂಜಿಯೇ. ಈಗ ಇದೇ ಹೆಂಗಸನ್ನು ಪೊಲೀಸ್ ಕೈಪಿಡಿಯ ಪುಟದಲ್ಲಿ ನೋಡಿ: ಕಣಿ ಹೇಳುವ ನೆಪದಲ್ಲಿ ಮನೆಯೊಳಗೆ ಬರುತ್ತಾಳೆ, ಒಡವೆ ಎಲ್ಲಿದೆ, ಬಾಗಿಲು ಎತ್ತ ಎಂದು ನೋಡಿಕೊಂಡು ಹೋಗಿ ಗಂಡಸರಿಗೆ ತಿಳಿಸುತ್ತಾಳೆ. ಬುಟ್ಟಿ, ಕೋಲು, ಮಾತು ಯಾವುದೂ ಬದಲಾಗಿರಲಿಲ್ಲ. ಬರೆಯುವವನು ಬದಲಾಗಿದ್ದ. ಒಮ್ಮೆ ಹಾಗೆ ಬರೆದ ಮೇಲೆ ಆಕೆ ಬಾಗಿಲಿಗೆ ಬಂದದ್ದೂ ಸಾಕ್ಷಿ, ಬಾರದಿದ್ದುದೂ ಸಾಕ್ಷಿ.

ಎಲ್ಲರೂ ನಿರಪರಾಧಿಗಳಾಗಿದ್ದರು ಎಂದು ಮೀನಾ ರಾಧಾಕೃಷ್ಣ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ದುಬೊಯ್ಸ್ ಹೇಳಿದ ಮೂರನೆಯ ಗುಂಪು ಇದ್ದಿರಬಹುದು. ಬರದಲ್ಲಿ ಹಸಿದವರು ಕಣಜಕ್ಕೆ ಕೈಹಾಕಿದ್ದೂ ಇರಬಹುದು, ಆ ಕೆಲಸ ಎಲ್ಲ ಜಾತಿಯ ಹಸಿದವರೂ ಮಾಡಿದರು. ಉಳಿದವರನ್ನು ಕದ್ದ ಕೈಗೆ ಹಿಡಿದರು, ಇವರನ್ನು ಹುಟ್ಟಿದ ಮನೆಗೆ ಹಿಡಿದರು.

1871ರ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಹೊಸ ಕಾಯ್ದೆ ಅದನ್ನು ಮದ್ರಾಸಿಗೂ ತಂದಿತು. ಮೈಸೂರು ಸಂಸ್ಥಾನವೂ ಅದೇ ಮಾದರಿಯ ನಿಯಮ ಮಾಡಿಕೊಂಡಿತು. ಸರ್ಕಾರ ಒಂದು ಜನಾಂಗವನ್ನು ಅಧಿಸೂಚನೆಯಲ್ಲಿ ಸೇರಿಸಿದರೆ ಸಾಕು, ಅದರ ಸದಸ್ಯರ ಹೆಸರು, ಹೆಬ್ಬೆಟ್ಟು ಪೊಲೀಸ್ ದಫ್ತರಿಗೆ ಹೋಗುತ್ತಿತ್ತು. ಊರು ಬಿಡಬೇಕೆಂದರೆ ಚೀಟಿ. ಠಾಣೆಯಲ್ಲಿ ಹಾಜರಿ. ಹಾಜರಿ ತಪ್ಪಿದರೆ ಅದೇ ಒಂದು ಅಪರಾಧ. 1897ರ ತಿದ್ದುಪಡಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸುವ ಅಧಿಕಾರವನ್ನೂ ಕೊಟ್ಟಿತ್ತು. ಸಂತೆಯಿಂದ ಸಂತೆಗೆ ತಿರುಗಿ ಬುಟ್ಟಿ ಮಾರಬೇಕಾದವನು ದಿನಾ ಠಾಣೆಗೆ ಹಾಜರಾಗುವುದಾದರೆ ಮಧುಗಿರಿಯ ಮಾಲನ್ನು ಶಿರಾದಲ್ಲಿ ಮಾರುವುದು ಹೇಗೆ? ಹಾಜರಿಗೆ ಹೋದರೆ ಸಂತೆ ತಪ್ಪುತ್ತದೆ, ಸಂತೆಗೆ ಹೋದರೆ ಹಾಜರಿ ತಪ್ಪಿ ಜೈಲು. ಜೈಲಿಗೆ ಹೋದವರ ಲೆಕ್ಕ ಮುಂದಿನ ವರ್ಷದ ವರದಿಯಲ್ಲಿ ‘ಈ ಜನ ಅಪರಾಧಿಗಳೇ’ ಎಂಬುದಕ್ಕೆ ಪುರಾವೆಯಾಗಿ ಕೂರುತ್ತಿತ್ತು.

ಆಮೇಲೆ ಬಂದದ್ದು ಸುಧಾರಣೆ. ಸಾಲ್ವೇಶನ್ ಆರ್ಮಿಯವರು ಆಂಧ್ರದ ಸ್ಟೂವರ್ಟ್‌ಪುರಂನಲ್ಲಿ ಎರುಕಲರ ನೆಲೆ ನಡೆಸಿದರು. ಆ ಸಂಸ್ಥೆಯ ಬೂತ್ ಟಕ್ಕರ್ ಅಪರಾಧಿಗಳನ್ನು ‘ವಾಸಿಮಾಡುವ’ ಶಾಸ್ತ್ರವೊಂದಿದೆ ಎಂಬಂತೆ ಪುಸ್ತಕವನ್ನೇ ಬರೆದ. ಮುಂಬೈ ಪ್ರಾಂತ್ಯದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಬಿಜಾಪುರದಿಂದ ಈ ಕೆಲಸ ಶುರುಮಾಡಿದ. ಹುಬ್ಬಳ್ಳಿ, ಗದಗಗಳಲ್ಲಿ ಬೇಲಿಯೊಳಗಿನ ವಸಾಹತುಗಳು ಎದ್ದವು. ಆ ಬಡಾವಣೆಗಳನ್ನು ಅಲ್ಲಿನ ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಮೀನಾ ಅವರ ಪುಸ್ತಕದ ಬಲವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ವಸಾಹತುಗಳ ಜನ ಎಲ್ಲಿ ದುಡಿದರು ಎಂದು ಅವರು ಹುಡುಕಿದರು: ತಂಬಾಕು ಕಾರ್ಖಾನೆ, ಗಿರಣಿ, ಗಣಿ, ತೋಟ. ಊರು ಬಿಡಲಾಗದ, ಕೂಲಿಗೆ ಚೌಕಾಸಿ ಮಾಡಲಾಗದ ಆಳುಗಳು ಯಾರಿಗೆ ಬೇಕಾಗಿದ್ದರೋ ಅವರಿಗೆ ಈ ಸುಧಾರಣೆಯಿಂದ ಲಾಭವಾಯಿತು.

ಇದೇ ಕಾಲಘಟ್ಟದಲ್ಲಿ ಅಮೆರಿಕದಲ್ಲಿ ಕೆಲವರು ಬೇರೆ ದಾರಿಯಿಂದ, ಹೆಸರೇ ಅಪರಾಧಿಯನ್ನು ಮಾಡುತ್ತದೆ ಎಂಬ ತಿಳಿವಿಗೆ ಬರುತ್ತಿದ್ದರು. 1938ರಲ್ಲಿ ಫ್ರ್ಯಾಂಕ್ ಟ್ಯಾನನ್‌ಬಾಮ್ ಹುಡುಗರ ಪುಂಡಾಟದ ಬಗ್ಗೆ ಬರೆಯುತ್ತ, ಕೆಟ್ಟವನೆಂದು ಹೆಸರಿಟ್ಟು ಬೇರೆ ಮಾಡಿದ ಹುಡುಗ ಆ ಹೆಸರಿಗೆ ತಕ್ಕಂತೆ ಆಗುತ್ತಾನೆ ಎಂದು ತೋರಿಸಿದ. 1951ರಲ್ಲಿ ಎಡ್ವಿನ್ ಲೆಮರ್ಟ್ ಇದನ್ನು ಎರಡು ಹಂತ ಮಾಡಿದ: ಮೊದಲು ಯಾರೋ ಏನೋ ನಿಯಮ ಮೀರುತ್ತಾರೆ, ಅದು ಎಲ್ಲರಿಂದಲೂ ಆಗುವಂಥದು, ಸಮಾಜ ಅದಕ್ಕೆ ಹೆಸರಿಟ್ಟು ಹೊರಹಾಕಿದ ಮೇಲೆ ಬದುಕಲು ಮಾಡುವುದೆಲ್ಲ ಎರಡನೆಯದು. ಹೋವರ್ಡ್ ಬೆಕರ್ ಷಿಕಾಗೋದ ಕ್ಲಬ್ಬುಗಳಲ್ಲಿ ಪಿಯಾನೊ ನುಡಿಸುತ್ತಿದ್ದ ಸಮಾಜಶಾಸ್ತ್ರಜ್ಞ. ತನ್ನ ಜೊತೆ ನುಡಿಸುವ ಸಂಗೀತಗಾರರನ್ನು, ಗಾಂಜಾ ಸೇದುವವರನ್ನು ಅಭ್ಯಾಸ ಮಾಡಿ 1963ರಲ್ಲಿ ‘ಔಟ್‌ಸೈಡರ್ಸ್’ ಪುಸ್ತಕ ತಂದ. ತಪ್ಪು ಎನ್ನುವುದು ಕೃತ್ಯದೊಳಗೆ ಕೂತಿರುವ ಗುಣವಲ್ಲ, ಯಾರೋ ನಿಯಮ ಮಾಡಿ ಅದನ್ನು ಯಾರ ಮೇಲೋ ಹಾಕಿದಾಗ ಹುಟ್ಟುವಂಥದು ಎಂಬುದು ಅವನ ವಾದ. ಹಾಗಾಗಿ ನಿಯಮ ಮೀರಿದವರನ್ನಷ್ಟೇ ಅಭ್ಯಾಸ ಮಾಡಿದರೆ ಸಾಲದು, ನಿಯಮ ಮಾಡಿದವರನ್ನೂ ಮಾಡಬೇಕು. ಮದ್ರಾಸಿನ ಕಡತಗಳಲ್ಲಿ ಮೀನಾ ಮಾಡಿದ್ದು ಈ ಎರಡನೆಯ ಕೆಲಸ. ಬೆಕರ್ ಒಬ್ಬ ಗಾಂಜಾ ಸೇದುವವನ ಬಗ್ಗೆ ಹೇಳಿದ್ದು ಇಲ್ಲಿ ಇಡೀ ಕುಲಗಳಿಗೆ, ಹುಟ್ಟದ ಮಕ್ಕಳನ್ನೂ ಸೇರಿಸಿ, ಕಾನೂನಿನ ಮೂಲಕ ನಡೆದಿತ್ತು.

ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1936ರಲ್ಲೇ ನೆಲ್ಲೂರಿನಲ್ಲಿ ಜವಾಹರಲಾಲ್ ನೆಹರೂ ಖಂಡಿಸಿದ್ದರು. ಸ್ವಾತಂತ್ರ್ಯದ ಬಳಿಕ 1949ರಲ್ಲಿ ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು, 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ. ಈ ಜನ ತಮ್ಮ ಬಿಡುಗಡೆಯ ದಿನವನ್ನು ಬೇರೆಯಾಗಿ ಆಚರಿಸುವುದು ಇದಕ್ಕೇ. ಆದರೆ ರದ್ದಾದ ಕಾಯ್ದೆಯ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ್ದು 1961ರದು. ಜಾತಿಯ ಹೆಸರು ಹೋಯಿತು. ದಫ್ತರು ಮತ್ತು ದಫ್ತರು ಓದುವ ಕಣ್ಣು ಉಳಿದವು.

1871ರ ಕಾಯ್ದೆಗೆ ಎರಡನೆಯ ಭಾಗವೊಂದಿತ್ತು, ಹಿಜ್ರಾಗಳನ್ನು ನೋಂದಾಯಿಸಿ ಕಾಯುವುದಕ್ಕೆ. ಅದರ ಛಾಯೆ 2011ರಲ್ಲಿ ಕರ್ನಾಟಕದಲ್ಲಿ ಮತ್ತೆ ಕಾಣಿಸಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಅವರ ಹೆಸರು ವಿಳಾಸಗಳ ದಫ್ತರು ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಕರ್ನಾಟಕ ಸೆಕ್ಷುಯಲ್ ಮೈನಾರಿಟೀಸ್ ಫೋರಂ ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಸರ್ಕಾರ ಆ ಕಲಮಿನಲ್ಲಿದ್ದ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿಗಳು’ ಎಂದು ಮಾಡಿತು. ನೂರನಲವತ್ತು ವರ್ಷ ಹಳೆಯ ವಾಕ್ಯವೊಂದು ಇಷ್ಟು ಸುಲಭವಾಗಿ ಹೊಸ ಕಾನೂನಿನೊಳಗೆ ಬಂದು ಕೂರಬಲ್ಲದು ಎಂಬುದು ನನಗೆ ಇಂದಿಗೂ ಭಯ ಹುಟ್ಟಿಸುತ್ತದೆ.

ನಮ್ಮ ಸೀಮೆಯಲ್ಲಿ ಕೊರಮರು, ಕೊರಚರು ಈಗ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಹಗ್ಗ ಹೊಸೆದ ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ಜಯಂತಿಯನ್ನು ಹೆಮ್ಮೆಯಿಂದ ಮಾಡುತ್ತಾರೆ. ಮದುವೆಗಳಲ್ಲಿ ವಾಲಗ ಊದುತ್ತಾರೆ, ಈಚಲು ಗರಿಯ ಪೊರಕೆ ಕಟ್ಟುತ್ತಾರೆ, ಬಿದಿರ ಮೊರ ಹೆಣೆಯುತ್ತಾರೆ, ಹಂದಿ ಸಾಕುತ್ತಾರೆ, ಓದಿದವರು ನೌಕರಿಯಲ್ಲಿದ್ದಾರೆ. ಅವರ ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ಬಾಯಿಗಳೂ ಇದೇ ಊರುಗಳಲ್ಲಿವೆ. ಆ ಬಾಯಿಗಳಿಗೆ 1892ರ ಕೈಪಿಡಿ ಗೊತ್ತಿಲ್ಲ, 1805ರ ಉಪ್ಪಿನ ಕಾನೂನೂ ಗೊತ್ತಿಲ್ಲ.

ಕಡತ ಓದುವ ಕೆಲಸ ಮೀನಾ ರಾಧಾಕೃಷ್ಣರೊಂದಿಗೆ ನಿಂತಿಲ್ಲ. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳನ್ನು ಬಿಡಿಸಿ ಓದಿದರು. ಜೈಲಿನೊಳಗೆ ಅಡುಗೆ ಯಾರು ಮಾಡಬೇಕು, ಕಕ್ಕಸು ಯಾರು ತೊಳೆಯಬೇಕು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು. ಅಪರಾಧಿ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳ ಸಾಲಿಗೆ ಸೇರಿಸುವ ನಿಯಮಗಳೂ ಅಲ್ಲಿ ಹಾಗೇ ಇದ್ದವು. ಸುಕನ್ಯಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿತು. ಈ ನಿಯಮಗಳು ಸಂವಿಧಾನಕ್ಕೆ ವಿರುದ್ಧ, ಮೂರು ತಿಂಗಳಲ್ಲಿ ಕೈಪಿಡಿಗಳನ್ನು ತಿದ್ದಬೇಕು, ಕೈದಿಗಳ ದಫ್ತರಿನಲ್ಲಿರುವ ಜಾತಿಯ ಕಾಲಂ ಅಳಿಸಬೇಕು ಎಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು.